“ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಆಗುತ್ತೆ ಅಲ್ವಾ?” ಬಿ.ಎಡ್. ಕಾಲೇಜಿನಲ್ಲಿ ಯಾವುದನ್ನು ಯಾರು ನಿರ್ಧರಿಸುತ್ತಾರೆ

ಪ್ರಶ್ನೆ: ಸಿರುಗುಪ್ಪ ಕಡೆಯವನು ಸರ್. ಬಳ್ಳಾರಿಯಲ್ಲಿ ಬಿ.ಎಡ್. ಎರಡನೇ ವರ್ಷ. ಮನೆ ಕೆಲಸದಿಂದ ಹಾಜರಾತಿ ಕಡಿಮೆ ಬಿದ್ದಿದೆ. ಪ್ರಿನ್ಸಿಪಾಲರನ್ನು ಕೇಳಿದರೆ “ನನ್ನ ಕೈಯಲ್ಲಿಲ್ಲ” ಅಂತಾರೆ. ಕಾಲೇಜಿನ ಮುಖ್ಯಸ್ಥರು ಅವರೇ, ಸಹಿ ಹಾಕುವವರೂ ಅವರೇ. ಮತ್ತೆ ಯಾರ ಕೈಯಲ್ಲಿದೆ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಪ್ರತಿ ಸೆಮಿಸ್ಟರ್ ಕೊನೆಗೆ ಬರುತ್ತದೆ. ಒಮ್ಮೆ ಮಾನ್ವಿಯಿಂದ, ಒಮ್ಮೆ ಗಂಗಾವತಿಯಿಂದ. ಹಾಜರಾತಿ ಅಲ್ಲದಿದ್ದರೆ ಮೆಥಡ್ (ಬೋಧಿಸಲು ಆರಿಸಿಕೊಂಡ ವಿಷಯ) ಬದಲಾವಣೆ, ಅದಲ್ಲದಿದ್ದರೆ ಪರೀಕ್ಷೆ ಮುಂದೂಡುವುದು. ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: “ಪ್ರಿನ್ಸಿಪಾಲ್ರು ಒಂದ್ ಸೈನ್ ಹಾಕಿದ್ರ ಮುಗೀತಲ್ರಿ ಸರ್?”

ಮುಗಿಯುವುದಿಲ್ಲ. ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಬಿ.ಎಡ್. ಕಾಲೇಜಿನ ಮೇಲೆ ಒಬ್ಬರಲ್ಲ, ಮೂವರು ಯಜಮಾನರಿದ್ದಾರೆ. ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, 1993ರ ಕಾಯ್ದೆಯಿಂದ ಹುಟ್ಟಿದ್ದು. ಎಷ್ಟು ಸೀಟು, ಎಷ್ಟು ಬೋಧಕರು, ಕೋರ್ಸು ಎಷ್ಟು ವರ್ಷ ಎಂಬುದೆಲ್ಲ ಅದರ ಪಾಲು. ಒಂದು ವರ್ಷದ ಬಿ.ಎಡ್. ಎರಡು ವರ್ಷ ಆಗಿದ್ದು ಅದರ 2014ರ ನಿಯಮದಿಂದಲೇ. ರಾಜ್ಯ ಸರ್ಕಾರ ಸರ್ಕಾರಿ ಕೋಟಾದ ಸೀಟು ಹಂಚುತ್ತದೆ. ಅದಕ್ಕೆ ಬೆಂಗಳೂರಿನಲ್ಲಿ ಕೇಂದ್ರೀಕೃತ ದಾಖಲಾತಿ ಘಟಕ ಇದೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಲೆಕ್ಕ ಹಾಕುವುದೂ ಅಲ್ಲೇ. ಪಠ್ಯಕ್ರಮ, ಪರೀಕ್ಷೆ, ಅಂಕಪಟ್ಟಿ ವಿಶ್ವವಿದ್ಯಾಲಯದ್ದು. ಈ ಮೂವರ ಕೆಳಗೆ ನಿಮ್ಮ ಪ್ರಿನ್ಸಿಪಾಲರು ಕೂತಿದ್ದಾರೆ. ಖಾಸಗಿ ಕಾಲೇಜಾದರೆ ಪಕ್ಕದಲ್ಲಿ ಆಡಳಿತ ಮಂಡಳಿ ಬೇರೆ.

ಈಗ ಆ ಸಹಿಯ ವಿಷಯಕ್ಕೆ ಬರೋಣ. ಪರೀಕ್ಷಾ ಅರ್ಜಿಯ ಕೆಳಗೆ ಪ್ರಿನ್ಸಿಪಾಲರು ಹಾಕುವ ಸಹಿ ಅನುಮತಿ ಅಲ್ಲ, ದೃಢೀಕರಣ. “ಈ ವಿದ್ಯಾರ್ಥಿ ಇಷ್ಟು ದಿನ ಬಂದಿದ್ದಾನೆ, ನಾನು ಹಾಜರಿ ಪುಸ್ತಕ ನೋಡಿದ್ದೇನೆ” ಎಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಂತೆ. ತಹಶೀಲ್ದಾರರು ಆದಾಯ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ನಿಮ್ಮ ಆದಾಯ ಕಡಿಮೆ ಆಗುವುದಿಲ್ಲ ಅಲ್ವಾ? ಇಲ್ಲೂ ಅಷ್ಟೇ. ಪುಸ್ತಕದಲ್ಲಿ ಇಲ್ಲದ ದಿನಗಳಿಗೆ ಸಹಿ ಕೇಳುವುದು ಉಪಕಾರ ಕೇಳಿದಂತಲ್ಲ, ಸುಳ್ಳು ದಾಖಲೆ ಕೇಳಿದಂತೆ.

ಎನ್‌ಸಿಟಿಇ ನಿಯಮದ ಪ್ರಕಾರ ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಕನಿಷ್ಠ 80% ಹಾಜರಾತಿ ಬೇಕು. ಶಾಲಾ ಇಂಟರ್ನ್‌ಶಿಪ್‌ಗೆ, ಅಂದರೆ ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವ ಅವಧಿಗೆ, 90%. ಈ ಎರಡನೆಯದನ್ನು ಜನ ಓದುವುದೇ ಇಲ್ಲ. ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ. ವಾರಕ್ಕೆ ಆರು ದಿನ ಹಿಡಿದರೆ 96 ದಿನ. ಅದರಲ್ಲಿ 90% ಅಂದರೆ 87 ದಿನ ಶಾಲೆಯಲ್ಲಿ ಇರಲೇಬೇಕು. ತಪ್ಪಿಸಲು ಉಳಿಯುವುದು 9 ದಿನ. ನಡುವೆ ಬರುವ ಸರ್ಕಾರಿ ರಜೆ ಕಳೆದರೆ ಅದೂ ಇನ್ನಷ್ಟು ಕರಗುತ್ತದೆ. ಭತ್ತದ ನಾಟಿಗೆ ಒಂದು ವಾರ, ಅಕ್ಕನ ಮದುವೆಗೆ ಒಂದು ವಾರ ಎಂದು ಹೋದವರ ಲೆಕ್ಕ ಅಲ್ಲಿಗೇ ಮುಗಿಯಿತು. ಕೊರತೆ ಮನ್ನಾ ಮಾಡುವ ಮಾತೇನಾದರೂ ಇದ್ದರೆ ಅದು ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಎಷ್ಟಿದೆಯೋ ಅಷ್ಟೇ. ಕಾಲೇಜಿನ ಚೇಂಬರಿನಲ್ಲಿ ಕೂತು ಅದನ್ನು ಹಿಗ್ಗಿಸಲು ಆಗುವುದಿಲ್ಲ.

“ಆದರೆ ಹೋದ ವರ್ಷ ನಮ್ಮ ಸೀನಿಯರ್ ಒಬ್ಬರಿಗೆ ಮಾಡಿಕೊಟ್ಟರಂತೆ.” ಬಂತು ನೋಡಿ. ಈ “ಅಂತೆ” ಮೇಲೆಯೇ ಇಡೀ ನಂಬಿಕೆ ನಿಂತಿದೆ. ಆ ಸೀನಿಯರ್ ಆಸ್ಪತ್ರೆಯ ದಾಖಲೆ ಕೊಟ್ಟು, ಅರ್ಜಿ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಂದ ಆದೇಶ ಬಂದಿರಬಹುದು. ಅಥವಾ ಹಾಜರಾತಿ ಕಡಿಮೆಯೇ ಇರಲಿಲ್ಲ, ಲೆಕ್ಕ ತಪ್ಪಾಗಿತ್ತು, ಸರಿ ಮಾಡಿರಬಹುದು. ಹೊರಗೆ ನಿಂತವರಿಗೆ ಕಂಡಿದ್ದು ಒಂದೇ: ಆತ ಚೇಂಬರಿನ ಒಳಗೆ ಹೋದ, ಹೊರಗೆ ಬಂದ, ಹಾಲ್ ಟಿಕೆಟ್ ಸಿಕ್ಕಿತು. ನಡುವೆ ಓಡಾಡಿದ ಕಡತ ಯಾರ ಕಣ್ಣಿಗೂ ಬಿದ್ದಿಲ್ಲ. ಇನ್ನು ನಿಜಕ್ಕೂ ಯಾರೋ ಸುಳ್ಳು ಸಹಿ ಹಾಕಿದ್ದರೆ ಅದು ತಪ್ಪು. ಆ ತಪ್ಪನ್ನು ನಿಮಗೂ ಮಾಡಿಕೊಡಿ ಎಂದು ಕೇಳುವುದು ಹಕ್ಕಲ್ಲ. ಅದೂ ನಾಳೆ ಮೇಷ್ಟ್ರಾಗಿ ಹಾಜರಿ ಪುಸ್ತಕ ಹಿಡಿಯುವವರು ಕೇಳುವುದಾ?

ಇದೇ ನಂಬಿಕೆಯ ಇನ್ನೊಂದು ರೂಪ, ಆಡಳಿತ ಮಂಡಳಿಯವರು ಹೇಳಿದರೆ ಆಗುತ್ತದೆ ಎನ್ನುವುದು. ಕಟ್ಟಡ, ಖಾಸಗಿ ಕಾಲೇಜಿನ ಸಿಬ್ಬಂದಿ ಸಂಬಳ, ಬಸ್ಸು, ಇವೆಲ್ಲ ಅವರ ಕೈಯಲ್ಲಿವೆ. ಪರೀಕ್ಷೆ ಇಲ್ಲ. ಪರೀಕ್ಷೆಗೆ ವಿಶ್ವವಿದ್ಯಾಲಯದಲ್ಲಿ ಮೌಲ್ಯಮಾಪನ ಕುಲಸಚಿವರು ಅಂತಲೇ ಒಬ್ಬರಿದ್ದಾರೆ. ಊರಿನ ದೊಡ್ಡ ಕುಳದಿಂದ ಫೋನ್ ಮಾಡಿಸಿದರೆ ಪ್ರಿನ್ಸಿಪಾಲರಿಗೆ ಮುಜುಗರ ಆಗುತ್ತದೆ, ನಿಮ್ಮ ಹಾಜರಾತಿ ಒಂದು ದಿನವೂ ಏರುವುದಿಲ್ಲ.

ಪಠ್ಯಕ್ರಮದ ಬಗ್ಗೆ ಎರಡೇ ಮಾತು. ಅದನ್ನು ಅಧ್ಯಯನ ಮಂಡಳಿ ಸಿದ್ಧಮಾಡುತ್ತದೆ, ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. “ಈ ಪೇಪರ್ ತೆಗೆಸಿ ಸರ್” ಎಂದು ನಿಮ್ಮ ಉಪನ್ಯಾಸಕರ ಮುಂದೆ ಗೋಳಾಡಿ ಪ್ರಯೋಜನ ಇಲ್ಲ.

ಯಾವ ವಿಶ್ವವಿದ್ಯಾಲಯ ಎಂಬ ಗೊಂದಲವೂ ನಮ್ಮ ಕಡೆ ಜಾಸ್ತಿ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೇ ಮೊದಲು ಎಲ್ಲರೂ ಹೋಗುತ್ತಿದ್ದರು. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು, ಕೊಪ್ಪಳ ಜಿಲ್ಲೆಯೂ ಅದಕ್ಕೇ ಸೇರಿತು. ಆಮೇಲೆ ರಾಯಚೂರಿಗೆ ಬೇರೆ, 2023ರಲ್ಲಿ ಕೊಪ್ಪಳಕ್ಕೆ ಬೇರೆ. ನೀವು ದಾಖಲಾದ ವರ್ಷ ಕಾಲೇಜು ಯಾವುದಕ್ಕೆ ಸೇರಿತ್ತೋ ನೋಡಿಕೊಂಡು ಅರ್ಜಿ ಬರೆಯಿರಿ. ಏಪ್ರಿಲ್, ಮೇನಲ್ಲಿ ಹೋಗುವವರು ಇನ್ನೊಂದು ನೆನಪಿಡಿ. ಕಲಬುರಗಿ ವಿಭಾಗದಲ್ಲಿ ಬಿಸಿಲಿಗೆ ಸರ್ಕಾರಿ ಕಚೇರಿ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಊಟ ಮುಗಿಸಿ ಬಸ್ಸು ಹತ್ತಿದರೆ ಬೀಗ ನೋಡಿ ವಾಪಸ್ ಬರಬೇಕಾದೀತು.

ಹಾಗಾದರೆ ಪ್ರಿನ್ಸಿಪಾಲರ ಕೈಯಲ್ಲಿ ಏನೂ ಇಲ್ಲವಾ? ಇದನ್ನು ಯಾರೂ ಕೇಳಲ್ಲ, ಕೇಳಬೇಕಾಗಿದ್ದು ಇದೇ. ಇದೆ, ಬೇಕಾದಷ್ಟಿದೆ. ವರ್ಷದ ಯೋಜನೆ ಪೂರ್ತಿ ಅವರದು. ಪ್ರವೇಶ ಮತ್ತು ಪರೀಕ್ಷೆಯ ದಿನ ಬಿಟ್ಟು ವರ್ಷಕ್ಕೆ 200 ಕೆಲಸದ ದಿನ, ವಾರಕ್ಕೆ 36 ಗಂಟೆ ತುಂಬಿಸಬೇಕು. ಅದರೊಳಗೆ ಪಾಠ, ಸೂಕ್ಷ್ಮ ಬೋಧನೆ (ಸಹಪಾಠಿಗಳ ಮುಂದೆ ಮಾಡುವ ಪುಟ್ಟ ಅಭ್ಯಾಸ ಪಾಠ), ಪಾಠ ಟಿಪ್ಪಣಿ ತಿದ್ದುವುದು, ಆಂತರಿಕ ಪರೀಕ್ಷೆ, ಎಲ್ಲಾ ಕೂರಬೇಕು. 100 ಸೀಟಿನ ಕಾಲೇಜಿಗೆ ಪ್ರಿನ್ಸಿಪಾಲರೂ ಸೇರಿ 16 ಪೂರ್ಣಾವಧಿ ಬೋಧಕರು ಇರಬೇಕು ಎನ್ನುತ್ತದೆ ನಿಯಮ. ಹುದ್ದೆ ಖಾಲಿ ಇದ್ದರೆ ಇದ್ದವರಲ್ಲೇ ಕಾರ್ಯಭಾರ ಹಂಚಬೇಕು, ಅತಿಥಿ ಉಪನ್ಯಾಸಕರಿಗೆ ಪತ್ರ ಬರೆದು ಕಾಯಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಇಂಟರ್ನ್‌ಶಿಪ್. 16 ವಾರವನ್ನು ಎಲ್ಲಿ ಬೇಕೋ ಅಲ್ಲಿ ತುರುಕಲು ಬರುವುದಿಲ್ಲ. ಶಾಲೆ ಜೂನ್ ಹೊತ್ತಿಗೆ ಶುರುವಾಗುತ್ತದೆ, ಅಕ್ಟೋಬರಿನಲ್ಲಿ ದಸರಾ ರಜೆ. ಜನವರಿ ದಾಟಿದರೆ ಹೈಸ್ಕೂಲಿನವರು ಎಸ್ಸೆಸ್ಸೆಲ್ಸಿ ತಯಾರಿಯಲ್ಲಿ ಮುಳುಗಿರುತ್ತಾರೆ, ಹೊಸಬರನ್ನು ಒಳಗೆ ಬಿಡಲು ಮನಸ್ಸಿರುವುದಿಲ್ಲ. ಹಾಗಾಗಿ ಸಿಬ್ಬಂದಿ ಸಭೆಯ ಮೇಜಿನ ಮೇಲೆ ಶಾಲೆಗಳ ಪಟ್ಟಿ ಹರಡಿಕೊಂಡು ಕೂರುತ್ತಾರೆ. ಒಂದು ಕಡೆ ಶಾಲೆಯ ಹೆಸರು, ಪಕ್ಕದಲ್ಲಿ 8, 9, 10ರ ವಿಭಾಗ ಎಷ್ಟು, ಮಾಧ್ಯಮ ಯಾವುದು, ಬಸ್ಸು ಎಷ್ಟು ಗಂಟೆಗೆ. ಗಣಿತಕ್ಕೆ ಒಬ್ಬರೇ ಶಿಕ್ಷಕರಿರುವ ಶಾಲೆಗೆ ಗಣಿತ ಮೆಥಡ್‌ನವರನ್ನು ಆರು ಜನ ಕಳಿಸಿದರೆ ಇಬ್ಬರು ಪಾಠ ಮಾಡುತ್ತಾರೆ, ನಾಲ್ವರು ಸುಮ್ನೆ ಬೆಂಚಿನ ಮೇಲೆ ಕೂರುತ್ತಾರೆ. ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಪಟ್ಟಿ ಆಗುತ್ತದೆ. ಚೆನ್ನಾಗಿ ಮಾಡಿದ ಪಟ್ಟಿಯನ್ನು ನೋಡಿದರೆ ನನಗೆ ಈಗಲೂ ಖುಷಿ ಆಗುತ್ತದೆ. ಕಾಲೇಜು ಹೇಗಿದೆ ಎಂದು ತಿಳಿಯಲು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕೊಟ್ಟ ಗ್ರೇಡಿಗಿಂತ ಮೊದಲು ನಾನು ಅದನ್ನೇ ಕೇಳುತ್ತೇನೆ.

ಪಟ್ಟಿ ಆದಮೇಲೆ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ. ಜಾವಕ (ಹೊರಹೋಗುವ ಪತ್ರದ) ನಂಬರ್ ಹಾಕಿ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಪತ್ರ, ಅಲ್ಲಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅಲ್ಲಿಂದ ಮುಖ್ಯ ಶಿಕ್ಷಕರು. ಮುಖ್ಯ ಶಿಕ್ಷಕರು “ಹತ್ತನೇ ತರಗತಿ ಕೊಡಲ್ಲ, ಎಂಟು, ಒಂಬತ್ತು ತಗೊಳ್ಳಿ” ಎಂದರೆ ಅದಕ್ಕೆ ವಾದ ಮಾಡಬೇಡಿ. ಫಲಿತಾಂಶ ಕಡಿಮೆ ಆದರೆ ನೋಟಿಸ್ ಬರುವುದು ಅವರಿಗೆ.

ನಿಮ್ಮೂರಿನ ಶಾಲೆಯನ್ನೇ ಕೊಡಿ ಎಂದು ಕೇಳಬಹುದು, ತಪ್ಪಿಲ್ಲ. ಸಿಗುವುದು ಕಷ್ಟ, ಯಾಕೆಂದರೆ ನಿಮ್ಮ ಪಾಠ ನೋಡಲು ಮೇಲ್ವಿಚಾರಕರು ಅಲ್ಲಿಗೆ ಬರಬೇಕು. ಒಬ್ಬರಿಗೋಸ್ಕರ ಒಬ್ಬ ಉಪನ್ಯಾಸಕರು ಸಂಡೂರಿನ ಒಳಗಿನ ಹಳ್ಳಿಗೆ ಅರ್ಧ ದಿನ ಕಳೆದು ಹೋಗಿಬರಲು ಆಗುವುದಿಲ್ಲ. ಅದೇ ರೂಟಿನ ನಾಲ್ಕೈದು ಜನ ಸೇರಿ ಒಂದೇ ಅರ್ಜಿ ಕೊಟ್ಟರೆ ಲೆಕ್ಕ ಬೇರೆ ಆಗುತ್ತದೆ.

ಸಿರುಗುಪ್ಪದ ಓದುಗರೇ, ನಿಮ್ಮ ಕೆಲಸ ಇಷ್ಟು. ತಿಂಗಳವಾರು ಹಾಜರಾತಿ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ತರಗತಿಯದ್ದು ಬೇರೆ, ಇಂಟರ್ನ್‌ಶಿಪ್‌ನದ್ದು ಬೇರೆ ಇರಲಿ. ತಪ್ಪು ಕಂಡರೆ ಆ ದಿನಾಂಕ ಬರೆದು ಅರ್ಜಿ ಕೊಡಿ. ಕಾಯಿಲೆ ಇದ್ದದ್ದು ನಿಜವಾದರೆ ದಾಖಲೆ ಲಗತ್ತಿಸಿ, ವಿಶ್ವವಿದ್ಯಾಲಯಕ್ಕೆ ರವಾನಿಸಲು ಕೋರಿ. ಬಾಯಿಮಾತಲ್ಲಿ ಕೇಳಿ ಬರಬೇಡಿ. ಕಚೇರಿಯ ಆವಕ (ಒಳಬಂದ ಪತ್ರಗಳ) ಪುಸ್ತಕದಲ್ಲಿ ನಂಬರ್ ಬಿದ್ದ ಮೇಲೆ ಅದನ್ನು ನಿಮ್ಮ ಪ್ರತಿಯ ಮೇಲೆ ಬರೆಸಿಕೊಳ್ಳಿ. ಪರೀಕ್ಷಾ ಶುಲ್ಕದ ಕೊನೆ ದಿನಾಂಕಕ್ಕೆ ಮೊದಲೇ ಇದೆಲ್ಲ ಮುಗಿಸಿ.