ಕತ್ತಿಗೆ ಅಂಟಿದ ತಾಮ್ರ, ಹೊಗೆಯಲ್ಲಿ ಉಳಿದ ಆಮ್ಲಜನಕ

ಮಳೆಗಾಲದ ಹೊಸ್ತಿಲಲ್ಲಿ ಕಾಸರಗೋಡು ಸೀಮೆಯ ಬದಿಯಡ್ಕದ ಆಸುಪಾಸಿನ ಯಾವ ಅಡಿಕೆ ತೋಟಕ್ಕೆ ಹೋದರೂ 200 ಲೀಟರಿನ ಒಂದು ಡ್ರಮ್ಮು ಕಾಣಸಿಗುತ್ತದೆ. ಎರಡು ಕಿಲೋ ಮೈಲುತುತ್ತು, ಎರಡು ಕಿಲೋ ಸುಣ್ಣ, ಡ್ರಮ್ಮು ತುಂಬ ನೀರು. ಕೊಳೆರೋಗ ಬಾರದಂತೆ ಗೊನೆಗಳಿಗೆ ಬಿಡುವ ಮದ್ದು ಇದು. ಕಲಸಿದವರು ಹದ ನೋಡಲು ಸೊಂಟದ ಕತ್ತಿಯನ್ನು ಒಮ್ಮೆ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲಲಿಲ್ಲ ಎಂದರ್ಥ. ಲೇಪ ಕೂರದಿದ್ದರೆ ಮದ್ದು ಬಿಡಬಹುದು. ಸುಣ್ಣ ಎಷ್ಟು ಸಾಲಲಿಲ್ಲ, ಎಷ್ಟು ಹೆಚ್ಚಾಯಿತು ಎಂಬುದನ್ನು ಮಾತ್ರ ಕತ್ತಿ ಹೇಳುವುದಿಲ್ಲ. ಅದಕ್ಕೆ ಆಮ್ಲ-ಕ್ಷಾರದ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದ ಬೇಕು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಬೆರೆತ ಹದ ನೋಡುವ ಮೀಟರುಗಳಲ್ಲೂ ಇದೇ ಎರಡು ಜಾತಿ. ಕತ್ತಿಯಂಥದ್ದು ಒಂದು, ಪಿಎಚ್ ಕಾಗದದಂಥದ್ದು ಇನ್ನೊಂದು. ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್ ಇದ್ದ ಕಾಲದ ನನ್ನ ಜಿಪ್ಸಿಗೆ ಮೀಟರು ಹಾಕಿಸಲು ಹೊರಟಾಗ ಈ ವ್ಯತ್ಯಾಸ ಗೊತ್ತಿಲ್ಲದೆ ಮೊದಲು ಕತ್ತಿಗೇ ದುಡ್ಡು ಕೊಟ್ಟೆ.

ಎಂಜಿನ್ ನಿಜವಾಗಿ ಕುಡಿಯುವುದು ಪೆಟ್ರೋಲನ್ನಲ್ಲ, ಗಾಳಿಯನ್ನು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ, ಅಂದರೆ ಮದ್ದಿನ ಡ್ರಮ್ಮಿನಲ್ಲಿ ಅಳೆದರೆ 45 ಡ್ರಮ್ಮು. ಗಾಳಿ ಇದಕ್ಕಿಂತ ಹೆಚ್ಚಿದ್ದರೆ ಮಿಶ್ರಣ 'ಲೀನ್', ಪೆಟ್ರೋಲ್ ಹೆಚ್ಚಿದ್ದರೆ 'ರಿಚ್'. ಹಳಬ ಮೆಕ್ಯಾನಿಕರು ಇದನ್ನು ಸ್ಪಾರ್ಕ್ ಪ್ಲಗ್ಗಿನ ಬಣ್ಣದಲ್ಲಿ ಓದುತ್ತಿದ್ದರು, ಈಗಲೂ ಓದುತ್ತಾರೆ. ಮಸಿ ಕಟ್ಟಿದ್ದರೆ ರಿಚ್, ಬಿಳಿಚಿಕೊಂಡಿದ್ದರೆ ಲೀನ್, ತಿಳಿಗಂದು ಇದ್ದರೆ ಹದ. ಆ ವಿದ್ಯೆಯ ಮೇಲೆ ನನಗೆ ಗೌರವವಿದೆ. ಆದರೆ ಪ್ಲಗ್ಗು ಹೇಳುವುದು ಹಲವು ಕಿಲೋಮೀಟರಿನ ಸರಾಸರಿ ಕಥೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ ಆ ಐದು ಸೆಕೆಂಡಿನಲ್ಲಿ ಏನಾಯಿತು ಎಂದು ಅದು ಹೇಳಲಾರದು.

ಮೀಟರಿನ ಕಣ್ಣು ಇರುವುದು ಸೈಲೆನ್ಸರ್ ಪೈಪಿನೊಳಗೆ. ಅದರ ಹಿಂದಿನ ಕಥೆ ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ ಅವರಲ್ಲಿಗೆ ಹೋಗುತ್ತದೆ. 1897ರ ಸುಮಾರಿಗೆ ಅವರು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಕಡ್ಡಿಯಿಂದ ಒಂದು ವಿದ್ಯುತ್ ದೀಪ ಮಾಡಿದರು. ತಣ್ಣಗಿರುವಾಗ ಆ ಕಡ್ಡಿಯಲ್ಲಿ ಕರೆಂಟು ಹರಿಯುತ್ತಿರಲಿಲ್ಲ, ಮೊದಲು ಕಾಯಿಸಲೇಬೇಕಿತ್ತು. ಕಾದ ಜಿರ್ಕೋನಿಯಾದಲ್ಲಿ ಕರೆಂಟು ಹೊತ್ತು ಓಡಾಡುವುದು ಆಮ್ಲಜನಕದ ಅಯಾನುಗಳು. ದೀಪ ಟಂಗ್‌ಸ್ಟನ್ ತಂತಿಯೆದುರು ಸೋತು ಮೂಲೆ ಸೇರಿತು. ಆದರೆ ಆ ಗುಣ ಉಳಿಯಿತು: ಕಾದ ಜಿರ್ಕೋನಿಯಾದ ಒಂದು ಮಗ್ಗುಲಲ್ಲಿ ಹೊರಗಿನ ಗಾಳಿ, ಇನ್ನೊಂದು ಮಗ್ಗುಲಲ್ಲಿ ಹೊಗೆ ಇದ್ದರೆ, ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜ್ ಹುಟ್ಟುತ್ತದೆ. ಎಷ್ಟು ಹುಟ್ಟುತ್ತದೆ ಎಂಬ ಸೂತ್ರವನ್ನು 1889ರಲ್ಲೇ ಬರೆದಿಟ್ಟವರೂ ಅವರೇ. 1976ರಲ್ಲಿ ಬಾಷ್ ಕಂಪನಿಯ ಇಂಥ ಸೆನ್ಸರ್ ವೋಲ್ವೊ ಕಾರುಗಳಲ್ಲಿ ಮೊದಲು ರಸ್ತೆಗಿಳಿಯಿತು.

ಆ ಹಳೆಯ ಬಗೆಯೇ ನ್ಯಾರೋಬ್ಯಾಂಡ್. ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ 0.1 ವೋಲ್ಟ್, ನಡುವೆ ಕಡಿದಾದ ಒಂದು ಜಾರು. ಸರಿ ಹದದ ಆಚೆಯೋ ಈಚೆಯೋ ಎಂಬುದಷ್ಟೇ ಇದಕ್ಕೆ ತಿಳಿಯುತ್ತದೆ. ನಮ್ಮ ಕತ್ತಿಯೇ ಸರಿ. ನಾನು ಮೊದಲು ತಂದದ್ದು ಇದಕ್ಕೆ ಬಣ್ಣಬಣ್ಣದ ದೀಪಗಳನ್ನು ಪೋಣಿಸಿದ ಅಗ್ಗದ ಮೀಟರು. ಹಬ್ಬದ ಸರದೀಪದಂತೆ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ನೋಡಲು ಚಂದ, ಟ್ಯೂನಿಂಗಿಗೆ ಉಪಯೋಗವಿಲ್ಲ.

ಪಿಎಚ್ ಕಾಗದದಂಥದ್ದು ವೈಡ್‌ಬ್ಯಾಂಡ್, ಅದರಲ್ಲಿ ಇನ್ನೊಂದು ಉಪಾಯವಿದೆ. ಸಣ್ಣದೊಂದು ಕೋಣೆಗೆ ಹೊಗೆ ನುಸುಳುತ್ತದೆ. ಆ ಕೋಣೆಯ ಹದವನ್ನು ಯಾವಾಗಲೂ ಸರಿಯಾಗಿ ಇಡಲು ಜಿರ್ಕೋನಿಯಾದ ಇನ್ನೊಂದು ಗೋಡೆ ಆಮ್ಲಜನಕವನ್ನು ಒಳಕ್ಕೋ ಹೊರಕ್ಕೋ ಪಂಪು ಮಾಡುತ್ತದೆ. ಪಂಪಿಗೆ ಎಷ್ಟು ಕರೆಂಟು ಬೇಕಾಯಿತು ಎಂಬುದೇ ಅಳತೆ. ಬಾವಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲಲು ಎಷ್ಟು ಪಂಪು ಓಡಿಸಬೇಕಾಯಿತು ಎಂಬುದರಿಂದ ಒರತೆಯನ್ನು ಅಂದಾಜು ಮಾಡಿದ ಹಾಗೆ. ಹೆಚ್ಚಿನ ಮೀಟರುಗಳಲ್ಲಿ ಬರುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರನ್ನು ಅದರೊಳಗಿನ ಹೀಟರು ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತದೆ. ಆದ್ದರಿಂದ ಎಂಜಿನ್ ಓಡುವಾಗ ಅದಕ್ಕೆ ಕರೆಂಟು ತಪ್ಪಿಸಬಾರದು. ಹೀಟರು ಆರಿದರೆ ಮಸಿ ಅಂಟಿ ಕೆಡುತ್ತದೆ.

ಕೊಳ್ಳುವಾಗ ಡಯಲಿನ ಅಂದಕ್ಕಿಂತ ಸೆನ್ಸರಿನ ಹೆಸರು ನೋಡಿ. ಅದು ಸವೆಯುವ ವಸ್ತು, ಮುಂದೆ ಬದಲಿ ಬೇಕೇ ಬೇಕು, ನಕಲಿಗಳೂ ಧಾರಾಳ. 0–5 ವೋಲ್ಟಿನ ಔಟ್‌ಪುಟ್ ಇದ್ದರೆ ಓದಿದ್ದನ್ನೆಲ್ಲ ದಾಖಲಿಸಿ ಮನೆಯಲ್ಲಿ ಕೂತು ನೋಡಬಹುದು. ನಮ್ಮ ತಿರುವುಗಳಲ್ಲಿ ರಸ್ತೆ ಬಿಟ್ಟು ಮೀಟರು ನೋಡುವುದು ಬುದ್ಧಿವಂತಿಕೆಯಲ್ಲ. ಇನ್ನು ನಾನು ಬಿಡದೆ ಕೇಳುವ ಒಂದು ಸೌಲಭ್ಯವಿದೆ: ಅನುಪಾತದ ಬದಲು 'ಲ್ಯಾಂಬ್ಡಾ' ತೋರಿಸಲು ಬರಬೇಕು.

ಏಕೆಂದರೆ ಈ ಮೀಟರು ಪೆಟ್ರೋಲನ್ನು ನೋಡುವುದೇ ಇಲ್ಲ. ಉರಿದ ಮೇಲೆ ಎಷ್ಟು ಆಮ್ಲಜನಕ ಉಳಿಯಿತು, ಅಥವಾ ಎಷ್ಟು ಸಾಲದೆ ಹೋಯಿತು, ಅದು ಕಾಣುವುದು ಅಷ್ಟೇ. ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಗಾಳಿ ಹೆಚ್ಚಾದರೆ ಅದಕ್ಕಿಂತ ಮೇಲೆ, ಕಡಿಮೆಯಾದರೆ ಕೆಳಗೆ. ಈ ಅಂಕಿಯನ್ನು 14.7ರಿಂದ ಗುಣಿಸಿ ಡಯಲಿನ ಮೇಲೆ ತೋರಿಸುವುದು ಮೀಟರಿನ ನಂಬಿಕೆ, ಅಳತೆಯಲ್ಲ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಕಿಲೋಗೆ 9 ಕಿಲೋ ಗಾಳಿ ಸಾಕು. ಬೆರಕೆ ಪೆಟ್ರೋಲಿಗೆ ಸುಮಾರು 13.5. ಮೀಟರು 14.7 ಎಂದು ತೋರಿಸುವಾಗ ಎಂಜಿನ್ನಿಗೆ ಹೋಗುತ್ತಿರುವ ನಿಜವಾದ ಅನುಪಾತ 13.5! ಲ್ಯಾಂಬ್ಡಾದಲ್ಲಿ ಓದುವವನಿಗೆ ಈ ಗೊಂದಲವಿಲ್ಲ, 1 ಎಂದರೆ ಯಾವ ಇಂಧನಕ್ಕೂ 1.

ಹೊಸ ಕಾರುಗಳು ಸೆನ್ಸರ್ ಹೇಳಿದಂತೆ ಪೆಟ್ರೋಲ್ ಹೆಚ್ಚಿಸಿಕೊಂಡು ಸುಧಾರಿಸುತ್ತವೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ಟು, ಅಂದರೆ ಪೆಟ್ರೋಲ್ ಬಿಡುವ ಸಣ್ಣ ತೂತು, ಅಷ್ಟೇ ದ್ರವ ಬಿಡುತ್ತದೆ, ಹಾಗಾಗಿ ಎಂಜಿನ್ ಏಳೆಂಟು ಶೇಕಡ ಲೀನ್ ಆಗುತ್ತದೆ. ನನ್ನ ಜಿಪ್ಸಿ ಏರಿನಲ್ಲಿ ಕಟಕಟ ಎನ್ನಲು ಶುರುಮಾಡಿದ್ದು ಇದೇ ಕಾರಣಕ್ಕೆ ಎಂಬುದು ನನ್ನ ಗುಮಾನಿಯಾಗಿತ್ತು. ಪರೀಕ್ಷಿಸಲೆಂದೇ ಮೀಟರು.

ಸೆನ್ಸರಿಗೆ ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ ಹತ್ತಕ್ಕೂ ಎರಡಕ್ಕೂ ನಡುವೆ, ಬೋಲ್ಟಿನ ಜಾಗ ಬೆಸೆಯಿಸಿದೆವು. ಕೆಳಗಿಟ್ಟರೆ ಬೆಳಗ್ಗೆ ಪೈಪಿನಲ್ಲಿ ಕಟ್ಟುವ ನೀರು ಕಾದ ಪಿಂಗಾಣಿಗೆ ತಾಗಿ ಬಿರುಕು ಬಿಡುತ್ತದೆ. ಮೊದಲ ದಿನವೇ ಮೀಟರು ಐಡಲಿನಲ್ಲಿ 1.15 ತೋರಿಸಿತು. ವಿಪರೀತ ಲೀನ್. ನಾನು ಸ್ಕ್ರೂ ತಿರುಗಿಸಿ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿದೆ. ಅಂಕಿ ಇಳಿಯುವ ಬದಲು ಒಂದು ಹಂತದ ಮೇಲೆ ಏರತೊಡಗಿತು, ಎಂಜಿನ್ ಮಿಸ್ಸಿಂಗ್ ಹೊಡೆಯಿತು, ಹೊಗೆಯಲ್ಲಿ ಪೆಟ್ರೋಲಿನ ನಾತ.

ಗ್ಯಾರೇಜಿನ ಅಣ್ಣ ಪ್ಲಗ್ಗು ಬಿಚ್ಚಿ ನನ್ನ ಕೈಗಿಟ್ಟರು. ಮಸಿಯಲ್ಲಿ ಅದ್ದಿ ತೆಗೆದ ಹಾಗಿತ್ತು.

"ಮಾಷ್ಟ್ರೇ, ನಿಮ್ಮ ಮೀಟರು ಪೆಟ್ರೋಲು ಸಾಲುದಿಲ್ಲ ಅಂತದೆ, ಪ್ಲಗ್ಗು ಹೆಚ್ಚಾಯ್ತು ಅಂತದೆ. ಎಂತ ಕಥೆ ಇದು?"

ಎರಡೂ ಸುಳ್ಳು ಹೇಳಿರಲಿಲ್ಲ. ಅವರು ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯಿಯನ್ನು ಅರೆಬರೆ ಮುಚ್ಚಿದಾಗ, ಎಂಜಿನ್ನಿಗೂ ಸೆನ್ಸರಿಗೂ ನಡುವಿನ ಗ್ಯಾಸ್ಕೆಟಿನ ಪಕ್ಕದಿಂದ 'ಫಸ್ ಫಸ್' ಕೇಳಿಸಿತು. ಕಡಲ ಗಾಳಿಗೆ ತುಕ್ಕು ಹಿಡಿದು, ಪೈಪು ಜೋಡಿಸುವ ಫ್ಲೇಂಜಿನಲ್ಲಿ ಸಂದು ಬಿಟ್ಟಿತ್ತು. ಹೊಗೆ ಬಿಟ್ಟುಬಿಟ್ಟು ಬಡಿಯುವುದರಿಂದ, ಎರಡು ಬಡಿತಗಳ ನಡುವೆ ಆ ಸಂದು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಸೆನ್ಸರಿಗೆ ಕಂಡದ್ದು ಆ ಆಮ್ಲಜನಕ. ಆಮೇಲೆ ನಾನು ಸುರಿದ ಪೆಟ್ರೋಲಿಗೆ ಕಿಡಿ ಹತ್ತದೆ ಕೆಲವು ಸಲ ಸಿಲಿಂಡರಿನ ಗಾಳಿ ಉರಿಯದೆಯೇ ಹೊರಬಿತ್ತು. ಅದೂ ಆಮ್ಲಜನಕವೇ. ಅತಿ ರಿಚ್ ಆಗಿ ಮಿಸ್ಸಿಂಗ್ ಹೊಡೆಯುವ ಎಂಜಿನ್ ಮೀಟರಿನ ಮೇಲೆ ಲೀನ್ ಆಗಿ ಕಾಣುತ್ತದೆ. ಇದನ್ನು ಮಕ್ಕಳಿಗೆ ಪರೀಕ್ಷೆಯಲ್ಲಿ ಕೇಳಬಹುದಾದ ನಾನೇ ಅದರಲ್ಲಿ ಫೇಲಾದೆ.

ಗ್ಯಾಸ್ಕೆಟ್ ಬದಲಿಸಿದ ಮೇಲೆ ಕೆಲಸ ಸರಾಗವಾಯಿತು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಚೆರ್ಕಳ–ಜಾಲ್ಸೂರು ರಸ್ತೆಯ ಒಂದೇ ಏರಿನಲ್ಲಿ, ಒಂದೇ ಗೇರಿನಲ್ಲಿ, ಪ್ರತಿಸಲ ಒಂದೇ ಒಂದು ಬದಲಾವಣೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಲ್ಯಾಂಬ್ಡಾ 0.97. ಗುಮಾನಿ ನಿಜವೇ ಆಗಿತ್ತು. ಭಾರ ಎಳೆಯುವಾಗ 0.86ರ ಸುತ್ತ ಇರಬೇಕು. ಒಳಬಂದ ಆಮ್ಲಜನಕ ಒಂದಿಷ್ಟೂ ವ್ಯರ್ಥವಾಗಬಾರದು, ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಸಿಲಿಂಡರನ್ನು ತಂಪಾಗಿಡಬೇಕು. ಸಮತಟ್ಟಿನಲ್ಲಿ ನಿಧಾನ ಹೋಗುವಾಗ 1 ಅಥವಾ ತುಸು ಮೇಲಿದ್ದರೂ ತೊಂದರೆಯಿಲ್ಲ, ಪೆಟ್ರೋಲ್ ಉಳಿಯುತ್ತದೆ. ಮುಖ್ಯ ಜೆಟ್ಟನ್ನು ಒಂದೊಂದೇ ನಂಬರ್ ದೊಡ್ಡದು ಮಾಡುತ್ತ ಹೋದೆವು. ಮೂರನೆಯದರಲ್ಲಿ 0.87 ಬಂತು, ಕಟಕಟ ನಿಂತಿತು.

ಅದೇ ಹದದಲ್ಲಿ ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಹೋದರೆ ಅಂಕಿ 0.82ಕ್ಕೆ ಇಳಿಯುತ್ತದೆ. ಸಾವಿರ ಮೀಟರ್ ಮೇಲೆ ಗಾಳಿ ತೆಳು, ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ. ನನಗೆ ಗೊತ್ತು, ಆದರೂ ಸುಮ್ಮನಿರುತ್ತೇನೆ. ದಿನಾ ಓಡುವುದು ಕುಂಬಳೆಯ ರಸ್ತೆಯಲ್ಲಿ ತಾನೇ.

ಇಷ್ಟೆಲ್ಲ ಕಂಡ ಗ್ಯಾರೇಜಿನ ಅಣ್ಣನಿಗೆ ಆಸೆ ಹುಟ್ಟಿತು. ಮದ್ದು ಬಿಡುವ ಪಂಪಿನ ಪೆಟ್ರೋಲ್ ಎಂಜಿನ್ನೊಂದು ರಿಪೇರಿಗೆ ಬಂದಿತ್ತು, ಸೆನ್ಸರನ್ನು ಬಿಚ್ಚಿ ಅದರ ಗೇಣುದ್ದದ ಸೈಲೆನ್ಸರಿಗೆ ಹಿಡಿದರು. ಅಂಕಿ ಕುಣಿದದ್ದೇ ಕುಣಿದದ್ದು. ಅಷ್ಟು ಗಿಡ್ಡ ಪೈಪಿನಲ್ಲಿ ತುದಿಯಿಂದಲೇ ಹೊರಗಾಳಿ ಹಿಂದಕ್ಕೆ ನುಗ್ಗುತ್ತದೆ, ಅಲ್ಲಿ ಯಾವ ವೈಡ್‌ಬ್ಯಾಂಡೂ ನಿಲ್ಲದು. ಅವರು ಮೀಟರು ಬದಿಗಿಟ್ಟು ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದರು, ಸ್ಕ್ರೂವನ್ನು ಕಾಲು ಸುತ್ತು ಬಿಗಿದರು. "ಸಾಕು ಇದಕ್ಕೆ" ಎಂದರು. ಹೊರಗೆ ಮೋಡ ಕಟ್ಟಿತ್ತು, ಪಂಪಿನ ಯಜಮಾನರು ಆಗಲೇ ಎರಡು ಸಲ ಫೋನು ಮಾಡಿದ್ದರು.