ಹೇಳಿದ ಕಾರಣವೆಲ್ಲ ನಿಜ, ಆದರೂ ಅದು ಸಬೂಬೇ

ಪ್ರಶ್ನೆ: “ನಾನು ನಿಜವಾಗಿ ಯೋಚಿಸಿ ತೀರ್ಮಾನಕ್ಕೆ ಬಂದೆನೋ, ಇಲ್ಲ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಆಮೇಲೆ ಕಾರಣ ಜೋಡಿಸಿದೆನೋ, ಹೇಗೆ ಗೊತ್ತಾಗಬೇಕು?”

ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮತ್ತೆ ಕೊಡುತ್ತೇನೆ, ಯಾಕೆಂದರೆ ಉತ್ತರ ಚಿಕ್ಕದೇ, ಆದರೆ ಅದರ ಪಕ್ಕದಲ್ಲೇ ಕೂತಿರುವ ಒಂದು ತಪ್ಪು ನಂಬಿಕೆ ಏನು ಮಾಡಿದರೂ ಜಾಗ ಬಿಟ್ಟು ಏಳುತ್ತಿಲ್ಲ.

ಮೊದಲು ಉತ್ತರ. ಯಾವ ಸಂಗತಿ ಗೊತ್ತಾದರೆ ನಿಮ್ಮ ತೀರ್ಮಾನ ಬದಲಾಗುತ್ತೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಹೇಳಲು ಏನಾದರೂ ಇದ್ದರೆ ಯೋಚನೆ ಇನ್ನೂ ನಡೀತಿದೆ. ಏನೂ ಇಲ್ಲದಿದ್ದರೆ ಅದು ಬರೀ ವಕಾಲತ್ತು. ಇಂಗ್ಲಿಷಿನಲ್ಲಿ ಇದಕ್ಕೆ ರ‍್ಯಾಷನಲೈಸೇಷನ್ ಅನ್ನುತ್ತಾರೆ. ಈ ಅರ್ಥದಲ್ಲಿ ಆ ಪದವನ್ನು 1908ರಲ್ಲಿ ಮನಶ್ಶಾಸ್ತ್ರಕ್ಕೆ ತಂದವರು ಅರ್ನೆಸ್ಟ್ ಜೋನ್ಸ್. ನಾವು ಸಬೂಬು ಅನ್ನಬಹುದು, ಬೇರೆಯವರಿಗೆ ಹೇಳುವ ಸಬೂಬಲ್ಲ, ನಮಗೆ ನಾವೇ ಹೇಳಿಕೊಳ್ಳುವಂಥದ್ದು.

ಈಗ ಆ ನಂಬಿಕೆ. “ನಾನು ಹೇಳಿದ ಕಾರಣ ಒಂದೂ ಸುಳ್ಳಲ್ಲ. ಮತ್ತೆ ಅದು ಸಬೂಬು ಹೇಗಾಗುತ್ತೆ?” ಪ್ರತಿ ಸಲವೂ ಇದೇ ಮಾತು! ತಪ್ಪು ನಮ್ಮ ಗಾದೆಯದ್ದೂ ಸ್ವಲ್ಪ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಿದವರೆಲ್ಲ ನೆಲ ಸರಿಯಾಗೇ ಇತ್ತು ಅಂದುಕೊಳ್ಳುತ್ತೇವೆ, ಅಂದರೆ ಅವಳು ಸುಳ್ಳು ಹೇಳಿದಳು ಅಂತ. ಆದರೆ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕೇ ಇರುತ್ತೆ. ಅವಳು ಕುಣಿಯದೇ ಇದ್ದಿದ್ದಕ್ಕೆ ಅದು ಕಾರಣ ಆಗಿರಲ್ಲ, ಅಷ್ಟೇ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಿದ್ದೆ. ಮೊದಲು ನೋಡಿದ್ದು ಬಿಳಿ ಕಾರು. ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಅಂಗೈಯಗಲ ತುಕ್ಕು. “ಒಳಗೆ ನೀರು ಇಳಿದಿದೆ, ಬೇಡ” ಅಂದೆ. ಮಧ್ಯಾಹ್ನ ಇನ್ನೊಂದು ಕಡೆ ಕೆಂಪು ಕಾರು ನೋಡಿದೆ, ನೋಡಿದ ಕೂಡಲೇ ಮನಸ್ಸು ಅದರ ಮೇಲೆ ಕೂತಿತು. ಅದರ ಮ್ಯಾಟಿನ ಕೆಳಗೂ ಹೆಚ್ಚುಕಡಿಮೆ ಅಷ್ಟೇ ತುಕ್ಕು. “ಎಂಟು ವರ್ಷ ಕರಾವಳಿಯ ಮಳೆಯಲ್ಲಿ ಓಡಿದ ಗಾಡಿ, ಇಷ್ಟಾದರೂ ಇರಲ್ವಾ” ಅಂದೆ. ಜೊತೆಗಿದ್ದ ತಂಗಿ, “ಅಣ್ಣ, ಬೆಳಿಗ್ಗೆ ಇಷ್ಟೇ ತುಕ್ಕಿಗೆ ಬೇಡ ಅಂದಿದ್ದೆ ಅಲ್ವಾ?” ಅಂತ ಕೇಳುವವರೆಗೂ ನನಗೆ ಅದು ಹೊಳೆದೇ ಇರಲಿಲ್ಲ. ನಾನು ಆಡಿದ ಎರಡು ಮಾತೂ ನಿಜ. ತುಕ್ಕು ಒಂದೇ, ತೂಗಿದ ತಕ್ಕಡಿ ಬೇರೆ ಬೇರೆ.

ಹಾಗಾದರೆ ಒಳಗಿನಿಂದಲೇ ಗೊತ್ತಾಗಲ್ವಾ ಅಂತ ಕೇಳುತ್ತೀರಿ. ಗೊತ್ತಾಗಲ್ಲ. ಸ್ವೀಡನ್ನಿನ ಪೆಟ್ಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಎರಡು ಮುಖಗಳ ಫೋಟೋ ತೋರಿಸಿ ಯಾವುದು ಚೆಂದ ಅಂತ ಆರಿಸಲು ಹೇಳಿದರು. ಆಮೇಲೆ ಕೈಚಳಕದಿಂದ ಬೇಡ ಅಂದ ಫೋಟೋವನ್ನೇ ಕೈಗಿಟ್ಟು, ಇದನ್ನು ಯಾಕೆ ಆರಿಸಿದಿರಿ ಅಂತ ಕೇಳಿದರು. ಹೆಚ್ಚಿನ ಸಲ ಅದಲುಬದಲು ಆಗಿದ್ದು ಗೊತ್ತೇ ಆಗಲಿಲ್ಲ. ತಾವು ಆರಿಸದ ಮುಖಕ್ಕೆ ಸಲೀಸಾಗಿ ಕಾರಣ ಕೊಟ್ಟರು, ಕೆಲವರಂತೂ ಆ ಫೋಟೋದಲ್ಲಿ ಮಾತ್ರ ಇದ್ದ ಓಲೆಯಂಥದ್ದನ್ನು ತೋರಿಸಿ. ಅವರು ಯಾರೂ ಸುಳ್ಳುಗಾರರಲ್ಲ. ಮನಸಾರೆ ಹೇಳಿದ ಮಾತು ಅದು. ಇನ್ನು ಮುಂದೆ ಯಾರಾದರೂ “ನಾನು ಪ್ರಾಮಾಣಿಕವಾಗೇ ಹೇಳಿದೆ” ಅಂದರೆ ನಾನು ಒಪ್ಪುತ್ತೇನೆ, ಆದರೆ ಪ್ರಶ್ನೆ ಹಾಗೇ ಉಳಿದಿರುತ್ತೆ.

ಒಳಗೆ ಕಾಣದ್ದನ್ನು ಹೊರಗೆ ಹಿಡಿಯಬೇಕು. ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಒಂದು ಅಭ್ಯಾಸ ಬರೆದಿದ್ದಾನೆ: ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಏನೇ ಸಿಕ್ಕರೂ ತಕ್ಷಣ ಬರೆದಿಡುತ್ತಿದ್ದನಂತೆ, ಯಾಕೆಂದರೆ ಪರವಾಗಿರುವುದಕ್ಕಿಂತ ಅಂಥದ್ದೇ ಬೇಗ ಮರೆತುಹೋಗುತ್ತೆ ಅಂತ ಅವನ ಅನುಭವಕ್ಕೆ ಬಂದಿತ್ತು. ನೀವೂ ಹಾಗೇ ಮಾಡಿ. ಕಾರು ನೋಡಲು ಹೋಗುವ ಮೊದಲೇ, ಏನಿದ್ದರೆ ಬೇಡ ಅನ್ನುತ್ತೀರಿ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಮನಸ್ಸಲ್ಲಿ ಇಟ್ಟುಕೊಂಡರೆ ಸಾಲದು.

ಯಾರೂ ಕೇಳಿಲ್ಲ, ಆದರೂ ಒಂದು ಮಾತು. ಇದನ್ನೆಲ್ಲ ಓದಿದವರು ಮನಸ್ಸಿಗೆ ಹಿಡಿಸಿದ್ದನ್ನು ಆರಿಸುವುದೇ ತಪ್ಪು ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ. ಇಷ್ಟ ಅನ್ನುವುದೂ ಪೂರಾ ಕಾರಣವೇ, ಅದನ್ನು ಅದರ ಹೆಸರಲ್ಲೇ ಹೇಳಿದರೆ ಆಯಿತು. ಸೀರೆಯ ಬಣ್ಣ ಹಿಡಿಸಿತು ಅನ್ನಲು ಸಂಕೋಚಪಟ್ಟು, ಒಗೆಯೋದು ಸುಲಭ, ಬಾಳಿಕೆ ಜಾಸ್ತಿ ಅಂತ ಸುಮ್ನೆ ಯಾಕೆ ಪಟ್ಟಿ ಮಾಡಬೇಕು? ಆ ಪಟ್ಟಿಯನ್ನು ಕೊನೆಗೆ ನಾವೇ ನಂಬಿಬಿಡುತ್ತೇವೆ, ಮುಂದಿನ ಸಲ ಬೆಲೆ ನೋಡುವಾಗ ಕಣ್ಣಿಗೆ ಅಡ್ಡ ಬರುವುದು ಅದೇ.

ಕೆಂಪು ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದೆ. ತುಕ್ಕು ತೆಗೆಸಿ ಬಣ್ಣ ಹೊಡೆಸಲು ಎಷ್ಟಾಗುತ್ತೆ ಅಂತ ಕೇಳಿ, ಅಷ್ಟನ್ನೂ ಬೆಲೆಯಲ್ಲಿ ಇಳಿಸಿಕೊಂಡು ತಗೊಂಡೆ. ಯಾಕೆ ಅದೇ ಬೇಕಿತ್ತು ಅಂತ ತಂಗಿ ಕೇಳಿದಾಗ, ಬಣ್ಣ ಅಂದೆ.