ಬಿರುಕು ಯಾವಾಗ ಓಡುತ್ತದೆ? ಗ್ರಿಫಿತ್‌ನಿಂದ ರೈಸ್‌ವರೆಗೆ

ಪ್ಲಾಸ್ಟಿಕ್ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಹಾಕಿ ನೋಡಿ, ಸರ್ರನೆ ಹರಿಯುತ್ತದೆ. ಪ್ಲಾಸ್ಟಿಕ್ ಅದೇ, ಕೈಬಲವೂ ಅದೇ. ಫ್ರ್ಯಾಕ್ಚರ್ ಮೆಕ್ಯಾನಿಕ್ಸ್, ಅಂದರೆ ವಸ್ತುಗಳಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಎನ್ನುವ ಶಾಸ್ತ್ರ, ಓದಲು ಕೂತಾಗ ಮೊದಲು ಈ ಕಚ್ಚು ಕಣ್ಣ ಮುಂದಿರಲಿ, ಸೂತ್ರ ಆಮೇಲೆ.

ಎಳೆದು ಹಿಡಿದ ಹಾಳೆಯಲ್ಲಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ (ಇಷ್ಟು ಜಾಗಕ್ಕೆ ಇಷ್ಟು ಬಲ ಎನ್ನುವ ಅಳತೆ) ಮೂರು ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡಲಾಗಿ ತೂತು ಉದ್ದುದ್ದ, ಚೂಪಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಬ್ರಿಟಿಷ್ ಎಂಜಿನಿಯರ್ ಇಂಗ್ಲಿಸ್ 1913ರಲ್ಲಿ ದೀರ್ಘವೃತ್ತದ ತೂತಿಗೆ ಹಾಕಿದ ಲೆಕ್ಕ ಹೇಳುವುದು ಇದನ್ನೇ. ತೊಡಕು ಇರುವುದೂ ಇಲ್ಲೇ: ಪೂರ್ತಿ ಚೂಪಾದ ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಅನಂತ. ಹಾಗಾದರೆ ಬಿರುಕು ಬಿಟ್ಟ ಗಾಜು ಚೂರೂ ಭಾರ ತಾಳಬಾರದು. ಆದರೆ ತಾಳುತ್ತದೆ!

ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಗ್ರಿಫಿತ್ ಸ್ಟ್ರೆಸ್ ಬಿಟ್ಟು ಶಕ್ತಿಯ ಜಮಾಖರ್ಚು ನೋಡಿದರು. ಅವರ ಪ್ರಬಂಧ ಅಚ್ಚಾದದ್ದು 1921ರಲ್ಲಿ. ಬಿರುಕು ಬೆಳೆಯಬೇಕಾದರೆ ಎರಡು ಹೊಸ ಮೇಲ್ಮೈ ಹುಟ್ಟಬೇಕು, ಅದು ಖರ್ಚು. ಬಿರುಕಿನ ಆಚೀಚೆ ಎಳೆತ ಸಡಿಲಾಗಿ ಶಕ್ತಿ ಬಿಡುಗಡೆಯಾಗುತ್ತದೆ, ಅದು ಜಮಾ. ಬಿರುಕಿನ ಉದ್ದ ಎರಡು ಪಟ್ಟಾದರೆ ಖರ್ಚು ಎರಡು ಪಟ್ಟು, ಜಮಾ ಮಾತ್ರ ನಾಲ್ಕು ಪಟ್ಟು. ಹಾಗಾಗಿ ಒಂದು ಉದ್ದ ದಾಟಿದ ಮೇಲೆ ಬಿರುಕು ತಾನಾಗಿಯೇ ಓಡುತ್ತದೆ. ಬಿರುಕು ನಾಲ್ಕು ಪಟ್ಟು ಉದ್ದವಾದರೆ ವಸ್ತು ಅರ್ಧದಷ್ಟೇ ಸ್ಟ್ರೆಸ್‌ಗೆ ಒಡೆಯುತ್ತದೆ. ಪರೀಕ್ಷೆಗೆ ಇದೊಂದು ಸಾಲು ಸಾಕು ಎನ್ನುವವರಿದ್ದಾರೆ. ನಾನಂತೂ ಜಮಾ-ಖರ್ಚಿನ ಎರಡು ರೇಖೆಗಳನ್ನು ಕೈಯಾರೆ ಎಳೆದು ನೋಡಿದಾಗಲೇ ಅರ್ಥ ಮಾಡಿಕೊಂಡದ್ದು.

ಗ್ರಿಫಿತ್ ಗಾಜನ್ನು ಎಳೆಗಳಾಗಿಯೂ ಎಳೆದು ಪರೀಕ್ಷಿಸಿದರು. ಸಾಧಾರಣ ಗಾಜು ಸುಮಾರು 170 ಮೆಗಾಪಾಸ್ಕಲ್‌ಗೆ (ಸ್ಟ್ರೆಸ್ ಅಳೆಯುವ ಮಾನ) ಒಡೆದರೆ, ಅತಿ ತೆಳುವಾದ ಎಳೆ ಸುಮಾರು 3400ರವರೆಗೆ ತಡೆಯಿತು. ಅಷ್ಟು ತೆಳುವಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ.

ಉಕ್ಕಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಅಲ್ಲಿ ಬಿರುಕಿನ ತುದಿಯ ಲೋಹ ಮೊದಲು ಮಣಿಯುತ್ತದೆ, ಶಕ್ತಿಯ ಬಹುಪಾಲನ್ನು ಆ ಮಣಿಯುವಿಕೆಯೇ ನುಂಗುತ್ತದೆ. ಅಮೆರಿಕದ ನೌಕಾ ಸಂಶೋಧನಾಲಯದ ಇರ್ವಿನ್ ಇದನ್ನೂ ಖರ್ಚಿಗೆ ಸೇರಿಸಿಕೊಂಡರು. ಬಿರುಕು ಬೆಳೆಯಲು ತುದಿಗೆ ಒದಗುವ ಶಕ್ತಿಗೆ, ಮಣಿಯುವ ಭಾಗ ದೊಡ್ಡದಾದರೂ ಕೈಕೊಡದ ಅಳತೆಯನ್ನು, ಅಂದರೆ ಜೆ-ಇಂಟೆಗ್ರಲ್ ಅನ್ನು, 1968ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿದ್ದ ಜೇಮ್ಸ್ ರೈಸ್ ಕೊಟ್ಟರು. ತುದಿಯ ಸುತ್ತ ಯಾವ ದಾರಿ ಹಿಡಿದು ಲೆಕ್ಕ ಹಾಕಿದರೂ ಉತ್ತರ ಒಂದೇ! 1981ರಲ್ಲಿ ಹಾರ್ವರ್ಡ್ ಸೇರಿದ ರೈಸ್, ಭೂಕಂಪದಲ್ಲಿ ಬಂಡೆಗಳು ಜಾರುವ ಸ್ತರಭಂಗಗಳ ಮೇಲೂ ಕೆಲಸ ಮಾಡಿದರು. ಅಲ್ಲೂ ಜಾರಿಕೆ ಒಂದು ಕಡೆ ಶುರುವಾಗಿ ಬಿರುಕಿನಂತೆಯೇ ಹರಡುತ್ತದೆ, ಕಿಲೋಮೀಟರುಗಟ್ಟಲೆ.